ಸ್ಪಷ್ಟನೆ: ಭಾರದ ಎಂಜಿನ್‌ಗೆ ಬಾಲದ ಸೀಸ ಪರಿಹಾರವಲ್ಲ

ತುಮಕೂರಿನಲ್ಲಿ ಲಘು ವಿಮಾನ ಕಟ್ಟುವ ಹವ್ಯಾಸಿಗಳ ನಡುವೆ ಒಂದು ಮಾತು ಹರಿದಾಡುತ್ತಿದೆ: "ನಕ್ಷೆಯಲ್ಲಿರುವುದಕ್ಕಿಂತ ಭಾರದ ಎಂಜಿನ್ ಕೂರಿಸಿ, ಬಾಲಕ್ಕೆ ಸೀಸ ಕಟ್ಟಿದರೆ ಆಯಿತು." ದಯವಿಟ್ಟು ನಂಬಬೇಡಿ.

ಗುರುತ್ವ ಕೇಂದ್ರದಿಂದ (ವಿಮಾನದ ಭಾರ ಸಮತೂಗುವ ಬಿಂದು) 1.2 ಮೀಟರ್ ಮುಂದೆ 15 ಕೆ.ಜಿ. ಹೆಚ್ಚಿದರೆ, 3.6 ಮೀಟರ್ ಹಿಂದೆ 5 ಕೆ.ಜಿ. ಸೀಸ ಅದನ್ನು ಸರಿದೂಗಿಸುತ್ತದೆ, ನಿಜ. ಆದರೆ ವಿಮಾನದ ತೂಕ 20 ಕೆ.ಜಿ. ಏರಿತು, ಸ್ಟಾಲ್ ವೇಗವೂ (ಇದಕ್ಕಿಂತ ನಿಧಾನವಾದರೆ ರೆಕ್ಕೆ ವಿಮಾನವನ್ನು ಎತ್ತಿಹಿಡಿಯದು) ಏರುತ್ತದೆ. ಪ್ರತಿ ವಸ್ತುವಿನ ಭಾರ ನಾಲ್ಕು ಪಟ್ಟಾದಂತಾಗುವ 4 ಜಿ ತಿರುವಿನಲ್ಲಿ, ಎಂಜಿನ್ ಮೌಂಟ್ (ಎಂಜಿನ್ ಹಿಡಿದಿಡುವ ಚೌಕಟ್ಟು) ಮೇಲೆ 60 ಕೆ.ಜಿ. ಹೆಚ್ಚುವರಿ ಹೊರೆ ಬೀಳುತ್ತದೆ, ಸೀಸ ಅದನ್ನು ಇಳಿಸದು. ಎರಡೂ ತುದಿಗೆ ಭಾರ ಸೇರಿದ್ದರಿಂದ, ವಿಮಾನ ಗಿರಕಿ ಹೊಡೆಯುತ್ತಾ ಬೀಳುವ ಸ್ಪಿನ್‌ನಿಂದ ಹೊರಬರುವುದು ಕಷ್ಟವಾಗಬಹುದು. ನಮಗೆ ಹೆಚ್ಚು ಭಯ ಇದರದೇ.

ಮೊದಲು ಬ್ಯಾಟರಿ ಸರಿಸಿ: 6 ಕೆ.ಜಿ.ಯದನ್ನು 3 ಮೀಟರ್ ಹಿಂದಕ್ಕೊಯ್ದರೆ ಸೀಸವೇ ಬೇಡ (ಕೇಬಲ್ ದಪ್ಪನೆಯದಿರಲಿ). ಮೌಂಟ್ ಲೆಕ್ಕಕ್ಕೆ ವಿನ್ಯಾಸಕಾರರ ಒಪ್ಪಿಗೆ ಪಡೆಯಿರಿ. ಬಣ್ಣ ಬಳಿದ ಮೇಲೆ ವಿಮಾನವನ್ನು ಮಟ್ಟವಾಗಿ ನಿಲ್ಲಿಸಿ, ಮೂರೂ ಚಕ್ರಗಳಡಿ ತಕ್ಕಡಿ ಇಟ್ಟು ತೂಗಿ.