ಮೋಜಿಗೂ ಒಂದು ರಿಜಿಸ್ಟರು

ಸಹಕಾರ ಸಂಘವೊಂದರಲ್ಲಿ ವರ್ಷಗಟ್ಟಲೆ ಲೆಕ್ಕ ಬರೆದು, ಅರ್ಧ ತಲೆಗೂದಲನ್ನು ಆಡಿಟ್‌ಗೂ ಉಳಿದರ್ಧವನ್ನು ಸಾಲ ವಸೂಲಿಗೂ ಒಪ್ಪಿಸಿದವನೊಬ್ಬ ನಡುವಯಸ್ಸಿನಲ್ಲಿ ಬೆಂಗಳೂರಿನ ಹೊರವಲಯದ ದೊಡ್ಡ ಮನರಂಜನಾ ಪಾರ್ಕಿನಲ್ಲಿ ಕೆಲಸಕ್ಕೆ ಸೇರಿದನೆಂದರೆ, ನೆಂಟರಿಷ್ಟರ ಕಣ್ಣಿಗೆ ಅದು ಕೆಲಸವಾಗಿ ಕಾಣುವುದೇ ಇಲ್ಲ. ತಿಪಟೂರಿನ ಸೋದರಮಾವ ಫೋನ್ ಮಾಡಿ, “ಏನೋ, ದಿನವೆಲ್ಲ ತೊಟ್ಟಿಲಲ್ಲಿ ಕೂತು ತಿರುಗಿದ್ದಕ್ಕೆ ಸಂಬಳ ಕೊಡ್ತಾರಂತೆ?” ಎಂದು ವಿಚಾರಿಸಿದರು. ಅತ್ತೆಯವರು ಮಗಳ ಮೂಲಕ, ನೀರಿನ ಕಡೆಯ ಕೆಲಸವಾದ್ದರಿಂದ ಅಳಿಯಂದಿರು ನೆತ್ತಿಗೆ ಎಣ್ಣೆ ಹಚ್ಚಿಕೊಂಡೇ ಹೋಗಲಿ ಎಂದು ಹೇಳಿಕಳಿಸಿದರು. ಷಡ್ಡಕರು ಮಾತ್ರ ಸುತ್ತುಬಳಸದೆ, “ಪಾಸು ಎಷ್ಟು ಸಿಗುತ್ತೆ?” ಎಂದು ನೇರವಾಗಿ ವಿಷಯಕ್ಕೆ ಬಂದರು. ಡ್ಯೂಟಿಯಲ್ಲಿರುವ ಸಿಬ್ಬಂದಿ ಯಾವ ಆಟದಲ್ಲೂ ಕೂರುವಂತಿಲ್ಲ, ಕೂತರೆ ಮೆಮೊ ಕೊಡುತ್ತಾರೆ ಎಂದು ನಾನು ಎಷ್ಟು ಹೇಳಿದರೂ, ಹೊಸ ಕೆಲಸ ಸಿಕ್ಕವನ ಜಂಬವೆಂದೇ ಎಲ್ಲರೂ ಅದನ್ನು ತಿಳಿದುಕೊಂಡರು.

ಮೊದಲು ಕಲಿಸಿದ್ದು ನಗುವುದನ್ನು. ಅತಿಥಿ ಸೇವಾ ವಿಭಾಗದವರು ಎದುರಿಗೆ ಬಂದವರನ್ನೆಲ್ಲ ಹಲ್ಲು ಕಾಣುವಷ್ಟು ನಗುತ್ತ ಸ್ವಾಗತಿಸಬೇಕು, ದಾರಿ ತೋರಿಸುವಾಗ ಒಂದು ಬೆರಳನ್ನು ಚಾಚದೆ ಇಡೀ ಅಂಗೈಯನ್ನು ಬಿಚ್ಚಿ ತೋರಿಸಬೇಕು ಎಂಬುದು ನಿಯಮ. ನಮ್ಮ ಸಂಘದಲ್ಲಿ ಕೌಂಟರಿನ ಆಚೆಯಿಂದ ಯಾರಾದರೂ ನಕ್ಕರೆ ಅವರಿಗೆ ಸಾಲ ಬೇಕಾಗಿದೆಯೆಂದೂ, ಈಚೆಯಿಂದ ಯಾರಾದರೂ ನಕ್ಕರೆ ಲೆಕ್ಕದಲ್ಲಿ ಏನೋ ಎಡವಟ್ಟಾಗಿದೆಯೆಂದೂ ಅರ್ಥವಿತ್ತಾದ್ದರಿಂದ, ಕಾರಣವಿಲ್ಲದೆ ನಗುವ ಅಭ್ಯಾಸ ನನಗಿರಲಿಲ್ಲ. ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ಸಾಧನೆ ಮಾಡುತ್ತಿದ್ದಾಗ ಹೆಂಡತಿ ಬಂದು, “ಯಾವ ಕಡೆ ಹಲ್ಲು ನೋವು?” ಎಂದು ಕೇಳಿ ಲವಂಗದ ಡಬ್ಬಿ ತಂದುಕೊಟ್ಟಳು.

ತರಬೇತಿ ಕೊಡುವವರು ನಮ್ಮ ಮುಖಗಳನ್ನು ನೋಡಿ ಧೈರ್ಯ ತುಂಬಬೇಕೆಂದುಕೊಂಡರೋ ಏನೋ, ಡಿಸ್ನಿಲ್ಯಾಂಡ್ ತೆರೆದ ದಿನದ ಕಥೆ ಹೇಳಿದರು. 1955ರ ಜುಲೈ 17ರಂದು ಕ್ಯಾಲಿಫೋರ್ನಿಯಾದ ಅನಾಹೈಮಿನಲ್ಲಿ ಆಹ್ವಾನಿತರಿಗಾಗಿಯೇ ಏರ್ಪಡಿಸಿದ್ದ ಆ ಸಮಾರಂಭಕ್ಕೆ ನಕಲಿ ಟಿಕೆಟ್ ಹಿಡಿದವರೂ ನುಗ್ಗಿ ಜನಸಂಖ್ಯೆ ಸುಮಾರು 28,000ಕ್ಕೆ ಏರಿತಂತೆ. ಕೊಳಾಯಿ ಕೆಲಸದವರ ಮುಷ್ಕರದಿಂದಾಗಿ ಕುಡಿಯುವ ನೀರಿಗೆ ತತ್ವಾರವಾಯಿತಂತೆ, ಹೊಸದಾಗಿ ಹಾಕಿದ ಡಾಂಬರು ಬಿಸಿಲಿಗೆ ಮೆತ್ತಗಾಗಿ ಹೆಂಗಸರ ಹೈಹೀಲ್ಡ್ ಚಪ್ಪಲಿಗಳು ಅದರಲ್ಲಿ ಹೂತುಕೊಂಡವಂತೆ. ಕುಡಿಯಲು ನೀರಿಲ್ಲ, ರಸ್ತೆ ಸರಿಯಿಲ್ಲ, ಕರೆಯದವರೇ ಹೆಚ್ಚು ಎಂಬ ಈ ಮೂರು ದೂರುಗಳೂ ನಮ್ಮೂರ ಯಾವ ಮದುವೆಗೂ ಹೊಸವಲ್ಲವಾದ್ದರಿಂದ ನನಗೆ ಹೇಳಿಕೊಳ್ಳುವಂಥ ಆಶ್ಚರ್ಯವೇನೂ ಆಗಲಿಲ್ಲ.

ನಿಜವಾದ ಧೈರ್ಯ ಬಂದದ್ದು ರಿಜಿಸ್ಟರುಗಳನ್ನು ಕಂಡ ಮೇಲೆ. ಮುಂಬಾಗಿಲಿನಿಂದ ಬಂದವರಿಗೆ ಪಾರ್ಕೆಂದರೆ ಕೇಕೆ, ಕಿರುಚಾಟ, ಧ್ವನಿವರ್ಧಕದ ಹಾಡು. ಹಿಂಬದಿಯ ಗೇಟಿನಿಂದ ಬಂದವರಿಗೆ ಅದು ಅಪ್ಪಟ ಕಚೇರಿ. ಬೀಗದ ಕೈಗೊಂದು ರಿಜಿಸ್ಟರು, ವಾಕಿಟಾಕಿಗೊಂದು, ಕೊಳದ ನೀರಿಗೊಂದು, ಬೋಲ್ಟು ಬಿಗಿದದ್ದಕ್ಕೊಂದು. ಮಧ್ಯಾಹ್ನ ಜನ ನಿಶ್ಚಿಂತೆಯಾಗಿ ಕಿರುಚಬೇಕಾದರೆ ಬೆಳಿಗ್ಗೆ ಯಾರೋ ಒಬ್ಬರು ಕಡ್ಡಾಯವಾಗಿ ಸಹಿ ಹಾಕಿರಬೇಕು. ಹುಲ್ಲುಹಾಸಿನ ಆಚೆಗೆ ತೂಗುವ ದೈತ್ಯ ಉಯ್ಯಾಲೆಯನ್ನು ಕಂಡು ಎದೆ ಝಲ್ಲೆಂದಿದ್ದರೂ, ಅದರ ಪಕ್ಕದ ಗೂಡಿನಲ್ಲಿ ದಾರ ಕಟ್ಟಿ ನೇತುಹಾಕಿದ್ದ ಪೆನ್ನನ್ನು ಕಂಡಾಗ ತವರಿಗೆ ಬಂದೆನೆನ್ನಿಸಿತು.

ಈ ಕಚೇರಿಯ ಹಿರಿಯ ಅಧಿಕಾರಿ, ನನ್ನ ದೃಷ್ಟಿಯಲ್ಲಿ, ಎಲ್ಲರೂ ಮೇಸ್ತ್ರಿ ಎಂದು ಕರೆಯುವ ಫಿಟ್ಟರು. ಗೇಟು ತೆರೆಯುವುದಕ್ಕೆ ಮುಂಚೆ ರೋಲರ್ ಕೋಸ್ಟರಿನ ಹಳಿಯುದ್ದಕ್ಕೂ ನಡೆದು, ಕೈಯಿಂದ ಮುಟ್ಟಿ, ಅಲ್ಲಲ್ಲಿ ಕುಟ್ಟಿ ಶಬ್ದ ಆಲಿಸಿ ಬಂದ ಮೇಲೆಯೇ ಅವರು ಖಾಲಿ ಗಾಡಿ ಓಡಿಸಲು ಒಪ್ಪುತ್ತಾರೆ. ಅದಕ್ಕೆ ಎಂಜಿನ್ ಎಲ್ಲಿದೆಯೆಂದು ನಾನು ಕೇಳಿದ್ದಕ್ಕೆ, “ಎಂಜಿನ್ನೇ ಇಲ್ಲ ಸಾರ್. ಬಾವಿಯಿಂದ ಕೊಡ ಎಳೆದಂಗೆ ಚೈನು ಮೇಲಕ್ಕೆ ಎಳೀತದೆ, ಅಲ್ಲಿಂದ ಬಿಟ್ಟುಬಿಡ್ತೀವಿ, ಮಿಕ್ಕಿದ್ದೆಲ್ಲ ಭೂಮಿತಾಯಿ ನೋಡ್ಕೋತಾಳೆ” ಎಂದರು. ಏರುವಾಗ ಕೇಳಿಸುವ, ಕೂತವರ ಜೀವ ಹಿಂಡುವ ಆ ಟಕಟಕ ಶಬ್ದ ಗಾಡಿ ಹಿಂದಕ್ಕೆ ಜಾರದಂತೆ ಹಲ್ಲಿನಿಂದ ಹಲ್ಲಿಗೆ ಬಿದ್ದು ಹಿಡಿಯುವ ಕಬ್ಬಿಣದ ಕೊಕ್ಕೆಯದಂತೆ; ಹೆದರಬೇಕಾದದ್ದು ಅದು ಕೇಳಿಸದಿದ್ದಾಗಂತೆ. ಕೆಲವೊಮ್ಮೆ ಮರಳಿನ ಮೂಟೆಗಳನ್ನು ಸೀಟಿನಲ್ಲಿಟ್ಟು, ಅಡ್ಡಪಟ್ಟಿ ಬಿಗಿದು ಓಡಿಸಿ ನೋಡುವುದೂ ಉಂಟು. ಮೊಬೈಲ್ ತೆಗೆಯದೆ, ಕೈ ಹೊರಗೆ ಚಾಚದೆ, ಹೇಳಿದ ಮಾತು ಕೇಳಿ ಕೂರುವ ಅತಿಥಿಗಳನ್ನು ನಾನು ಕಂಡಿರುವುದು ಆ ಮೂಟೆಗಳಲ್ಲಿ ಮಾತ್ರ. 1884ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ಲಾಮಾರ್ಕಸ್ ಥಾಂಪ್ಸನ್ ಎಂಬಾತ ಐದು ಸೆಂಟ್ ಪಡೆದು ಜನರನ್ನು ಇಂಥ ಹಳಿಯ ಮೇಲೆ ಓಡಿಸಿದಾಗ ಅದರ ವೇಗ ಗಂಟೆಗೆ ಸುಮಾರು 10 ಕಿಲೋಮೀಟರ್ ಇತ್ತು. ಜನ ಅಷ್ಟಕ್ಕೇ ಮುಗಿಬಿದ್ದರು. ಸಂಜೆಯ ಹೊತ್ತು ಸಿಲ್ಕ್ ಬೋರ್ಡ್ ಜಂಕ್ಷನ್ ದಾಟುವವರಿಗೆ ಅವರ ಸಂಭ್ರಮ ಅರ್ಥವಾಗದೆ ಇರಲಾರದು.

ಎಲ್ಲವೂ ರಿಜಿಸ್ಟರಿನಲ್ಲಿದ್ದರೂ ಒಂದು ರಿಜಿಸ್ಟರಿನಂತೆ ಇನ್ನೊಂದು ಇರುವುದಿಲ್ಲವೆಂಬುದು ವಾಕಿಟಾಕಿ ಕೈಗೆ ಬಂದ ಮೇಲೆ ಗೊತ್ತಾಯಿತು. ಅತಿಥಿಗಳಿಗೆ ಕೊಡುವ ನಕ್ಷೆಯಲ್ಲಿ ಆಟಗಳಿಗೆ ಒಂದು ಕ್ರಮದ ಸಂಖ್ಯೆಗಳಿದ್ದರೆ, ಸ್ವಚ್ಛತಾ ವಿಭಾಗದವರ ಪಟ್ಟಿಯಲ್ಲಿ ಇನ್ನೊಂದು ಕ್ರಮ. “12ರಲ್ಲಿ ವಾಂತಿ, ಬೇಗ ಜನ ಕಳಿಸಿ” ಎಂದು ಒಂದು ಧ್ವನಿ ಕರೆದಾಗ, ನಕ್ಷೆಯ 12 ಆಗಿದ್ದ ಗಿರಗಿರನೆ ಸುತ್ತುವ ಆಟದ ಬಳಿ ಬಿದ್ದಿದ್ದನ್ನು ಯಾರೂ ನೋಡಲಿಲ್ಲ. ಬಕೆಟ್ಟು, ಮಾಪು, ಫಿನಾಯಿಲ್ ಹಿಡಿದ ಇಬ್ಬರು ತಮ್ಮ ಪಟ್ಟಿಯ 12ಕ್ಕೆ, ಅಂದರೆ ತುಂಬಿ ತುಳುಕುತ್ತಿದ್ದ ಊಟದ ಹಾಲಿಗೆ ನುಗ್ಗಿ, ಬಿಸಿಬೇಳೆಬಾತು ತಿನ್ನುತ್ತಿದ್ದವರ ಟೇಬಲ್ಲುಗಳ ಕೆಳಗೆಲ್ಲ ಬಗ್ಗಿ ಬಗ್ಗಿ, “ಯಾರು ಸಾರ್ ವಾಂತಿ ಮಾಡಿದ್ದು? ಎಲ್ಲಿ ಮಾಡಿದ್ರಿ?” ಎಂದು ಅತ್ಯಂತ ವಿನಯದಿಂದ, ಹಲ್ಲು ಕಾಣುವಷ್ಟು ನಗುತ್ತ ವಿಚಾರಿಸತೊಡಗಿದರು. ಬಿಸಿಬೇಳೆಬಾತು ಆ ದಿನ ಬಹಳ ಉಳಿಯಿತು.

ನನ್ನನ್ನು ಮೊದಲು ನಿಲ್ಲಿಸಿದ್ದು ಎತ್ತರ ಅಳೆಯುವ ಕೋಲಿನ ಬಳಿ. 140 ಸೆಂಟಿಮೀಟರ್ ಗೆರೆ ಮುಟ್ಟದ ಮಕ್ಕಳಿಗೆ ದೊಡ್ಡ ಆಟಗಳಿಗೆ ಪ್ರವೇಶವಿಲ್ಲ. ಅಡ್ಡಪಟ್ಟಿ ಅವರ ಮೈಗೆ ಸರಿಯಾಗಿ ಕೂರುವುದಿಲ್ಲ. ಇದನ್ನು ಮಕ್ಕಳು ಒಪ್ಪುತ್ತಾರೆ, ಹೆತ್ತವರು ಒಪ್ಪುವುದಿಲ್ಲ. ಕೂದಲನ್ನು ಮೇಲಕ್ಕೆ ಬಾಚಿ ತರುವವರು, ಶೂ ಒಳಗೆ ಕರವಸ್ತ್ರ ಮಡಚಿಡುವವರು, ಹಿಂದಿನಿಂದ ಕಂಕುಳಿಗೆ ಕೈಹಾಕಿ ಎತ್ತುವವರು ಹೀಗೆ ನಾನಾ ಬಗೆಯವರನ್ನು ಕಂಡಿದ್ದೇನೆ. ಪ್ರೌಢಶಾಲೆಯ ವಿಜ್ಞಾನದ ಮೇಷ್ಟ್ರೊಬ್ಬರು ಮಾತ್ರ ನನ್ನನ್ನು ನಿರುತ್ತರಗೊಳಿಸಿದರು. ಮನುಷ್ಯ ಬೆಳಿಗ್ಗೆ ಎದ್ದಾಗ ಸಂಜೆಗಿಂತ ಸುಮಾರು ಒಂದು ಸೆಂಟಿಮೀಟರ್ ಎತ್ತರವಿರುತ್ತಾನೆ, ಬೆನ್ನುಮೂಳೆಗಳ ನಡುವಿನ ಮೆತ್ತೆಗಳು ದಿನವಿಡೀ ಮೈಭಾರಕ್ಕೆ ಒತ್ತಿಹೋಗುತ್ತವೆ, ತಮ್ಮ ಮಗ ಬೆಳಿಗ್ಗೆ ಮನೆಯಲ್ಲಿ ಸರಿಯಾಗಿ 140 ಇದ್ದ, ನಿಮ್ಮ ಪಾರ್ಕಿನ ಸರತಿಯಲ್ಲಿ ನಿಂತೇ ಕುಗ್ಗಿದ್ದಾನೆ, ಆದ್ದರಿಂದ ನಷ್ಟವನ್ನು ನೀವೇ ಭರಿಸಬೇಕು ಎಂದು ಅವರು ವಾದಿಸಿದರು. ಆಮೇಲೆ ವಿಚಾರಿಸಿದಾಗ ಮೆತ್ತೆಯ ವಿಷಯ ಸಂಪೂರ್ಣ ನಿಜವೆಂದು ತಿಳಿಯಿತು. ಆದರೆ ಕೋಲು ವಿಜ್ಞಾನ ಓದಿರಲಿಲ್ಲ. ಅಷ್ಟರಲ್ಲಿ ಹುಡುಗ, ಮೇಲಿನಿಂದ ಧುಮುಕುತ್ತಿದ್ದ ಗಾಡಿಯನ್ನೊಮ್ಮೆ ನೋಡಿ, ಅಪ್ಪನ ಅಂಗಿ ಜಗ್ಗುತ್ತ, “ಅಪ್ಪಾ, ಕೋಲು ಸರಿಯಾಗೇ ಇದೆ, ಬಾರಪ್ಪಾ” ಎಂದ.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಮಾವಿನ ಮಳೆಗೆ ಮುಂಚಿನ ಗಾಳಿ ಎದ್ದು ಕರೆಂಟು ಹೋಯಿತು. ಜನರೇಟರು ಕೂಡಲೇ ಹತ್ತಿಕೊಂಡರೂ ರೋಲರ್ ಕೋಸ್ಟರು ನಿಂತಲ್ಲಿಯೇ ನಿಂತಿತು, ಏಕೆಂದರೆ ಒಮ್ಮೆ ನಿಂತ ಮೇಲೆ ಎಂಜಿನಿಯರು ಪರೀಕ್ಷಿಸಿ ಸಹಿ ಹಾಕದ ಹೊರತು ಅದನ್ನು ಮತ್ತೆ ಹೊರಡಿಸುವಂತಿಲ್ಲ. ಚೈನು ಎಳೆಯುತ್ತಿದ್ದ ಗಾಡಿ ಏರಿನ ಮುಕ್ಕಾಲು ಭಾಗದಲ್ಲಿ, ಮೇಸ್ತ್ರಿಯ ಕೊಕ್ಕೆಯ ಆಸರೆಯಲ್ಲಿ, ಆಕಾಶ ನೋಡುತ್ತ ಉಳಿಯಿತು. ಮೇಲೆ ಹೋಗಿ ಅತಿಥಿಗಳಿಗೆ ಸಮಾಧಾನ ಹೇಳುವ ಕೆಲಸ ನಮ್ಮ ವಿಭಾಗದ್ದೆಂದು ಮೇಲ್ವಿಚಾರಕರು ನೆನಪಿಸಿದರು. ಅಟ್ಟದಿಂದ ಉಪ್ಪಿನಕಾಯಿ ಜಾಡಿ ಇಳಿಸಲೂ ಇನ್ನೊಬ್ಬರನ್ನು ಕರೆಯುವ ನಾನು, ಹಳಿಯ ಪಕ್ಕದ ಜಾಲರಿ ಮೆಟ್ಟಿಲುಗಳನ್ನು, ಅವುಗಳ ಸಂದಿನಲ್ಲಿ ಚಿಕ್ಕದಾಗುತ್ತ ಹೋಗುತ್ತಿದ್ದ ಭೂಮಿಯನ್ನು ನೋಡಬಾರದೆಂದುಕೊಂಡು ನೋಡುತ್ತ, ಮುಖದಲ್ಲಿ ಕಡ್ಡಾಯದ ನಗುವನ್ನು ಹೊತ್ತು ಏರಿದೆ. ಮೊದಲ ಸಾಲಿನಲ್ಲಿದ್ದ ಪಂಚೆಯ ಹಿರಿಯರು ನನ್ನನ್ನು ಕರುಣೆಯಿಂದ ನೋಡಿ, “ನಿಮ್ಮಲ್ಲೂ ಕರೆಂಟ್ ಹೋಗ್ತದಾ ಸ್ವಾಮಿ? ನಾವು ನಮ್ಮೂರಲ್ಲಿ ಮಾತ್ರ ಅಂದ್ಕೊಂಡಿದ್ವಿ” ಎಂದರು. ಅವರ ಪತ್ನಿ ಇಲ್ಲಿಂದ ಕೆರೆ ಚೆನ್ನಾಗಿ ಕಾಣುತ್ತದೆ, ಅವಸರವೇನೂ ಇಲ್ಲ ಎಂದರು. ಕೊನೆಯ ಸಾಲಿನಲ್ಲಿ ಕಣ್ಣು ಬಿಗಿಯಾಗಿ ಮುಚ್ಚಿ, ಸರಳನ್ನು ಅಪ್ಪಿಕೊಂಡಿದ್ದ ಯುವಕನೊಬ್ಬ ನನ್ನ ಧ್ವನಿ ಕೇಳಿ, ಕಣ್ಣು ತೆರೆಯದೆಯೇ, “ಸಾರ್, ಮುಗೀತಾ?” ಎಂದು ಕೇಳಿದ. ಇನ್ನೂ ಶುರುವಾಗಿಲ್ಲವೆಂದು ಹೇಳಲು ನನ್ನ ತರಬೇತಿಯಲ್ಲಿ ಅವಕಾಶವಿರಲಿಲ್ಲ.

ನೀರಿನ ವಿಭಾಗಕ್ಕೆ ವರ್ಗವಾದ ಮೇಲೆ ಎತ್ತರದ ಭಯ ಹೋಗಿ ಸೀರೆಯ ಭಯ ಹಿಡಿಯಿತು. ಹತ್ತಿ ಬಟ್ಟೆಯ ನೂಲಿನೆಳೆ ಫಿಲ್ಟರಿಗೆ ಕಟ್ಟಿಕೊಳ್ಳುತ್ತದೆ, ಜಾರುಬಂಡೆಯಲ್ಲಿ ಸೆರಗು ಸಿಕ್ಕಿಕೊಂಡರೆ ಪ್ರಾಣಕ್ಕೇ ಕುತ್ತು. ಆದ್ದರಿಂದ ನೈಲಾನ್ ಉಡುಪಿಲ್ಲದೆ ಕೊಳಕ್ಕೆ ಇಳಿಯುವಂತಿಲ್ಲ. “ತಲಕಾವೇರಿಯಿಂದ ಶ್ರೀರಂಗಪಟ್ಟಣದವರೆಗೆ ಸೀರೆಯಲ್ಲೇ ಮುಳುಗಿದ್ದೀನಿ. ಆ ತಾಯಿಗಿಲ್ಲದ ಮಡಿ ನಿಮ್ಮ ತೊಟ್ಟಿಗೆ ಯಾಕಪ್ಪಾ?” ಎಂದು ಹಿರಿಯ ಮಹಿಳೆಯೊಬ್ಬರು ಕೇಳಿದಾಗ, “ಕಾವೇರಿಗೆ ಫಿಲ್ಟರ್ ಇಲ್ಲಮ್ಮಾ” ಎನ್ನುವುದಕ್ಕಿಂತ ಉತ್ತಮ ಉತ್ತರ ನನಗೆ ಹೊಳೆಯಲಿಲ್ಲ. ಇನ್ನು ಕೊಳದ ಬಳಿ ನಿಂತು ದೀರ್ಘವಾಗಿ ಉಸಿರೆಳೆದು, “ಆಹಾ, ಕ್ಲೋರಿನ್ ವಾಸನೆ ಎಷ್ಟು ಚೆನ್ನಾಗಿ ಬರ್ತಿದೆ, ನೀರು ಬಹಳ ಶುದ್ಧ” ಎಂದು ಮೆಚ್ಚುವವರು ಪ್ರತಿದಿನವೂ ಇರುತ್ತಾರೆ. ಆ ವಾಸನೆ ಬರಿಯ ಕ್ಲೋರಿನ್ನಿನದಲ್ಲ, ಅದು ಸ್ನಾನದವರ ಬೆವರು ಮತ್ತು ಮೂತ್ರದ ಜೊತೆ ಕೂಡಿ ಉಂಟಾಗುವ ಕ್ಲೋರಮೈನ್‌ನದು ಎಂಬುದನ್ನು ನೀರು ಪರೀಕ್ಷಿಸುವ ಹುಡುಗ ನನಗೆ ಹೇಳಿದ್ದಾನೆ. ವಾಸನೆ ಏರಿದ ದಿನ ಅವನು ರಿಜಿಸ್ಟರು ಹಿಡಿದು ಓಡಾಡುತ್ತಾನೆ, ನಾನು ಮೆಚ್ಚಿದವರಿಗೆ ಕೈಮುಗಿಯುತ್ತೇನೆ.

ಅಲೆಗಳ ಕೊಳದ ಹಿಂಗೋಡೆಯ ಆಚೆ ದೊಡ್ಡ ಬ್ಲೋವರುಗಳು ಗಾಳಿ ತಳ್ಳಿ ನೀರನ್ನು ಒತ್ತುತ್ತವೆ. ಆ ಅಲೆಗಳು ಜನರಿಂದ ಕಸಿದದ್ದೆಲ್ಲ ಸಂಜೆ ಕಳೆದ ವಸ್ತುಗಳ ವಿಭಾಗದಲ್ಲಿ ಬಂದು ಸೇರುತ್ತದೆ. ಅಲ್ಲಿನ ದಪ್ಪ ರಿಜಿಸ್ಟರೇ ಈಗ ನನ್ನ ವಶದಲ್ಲಿರುವುದು. ಒಂಟಿ ಚಪ್ಪಲಿಗಳು ಹೇರಳ. ಜೋಡಿಯನ್ನು ಕಳೆದುಕೊಂಡವರು ಉಳಿದ ಒಂದನ್ನು ಮೆಟ್ಟಿಕೊಂಡು ಹೇಗೆ ಮನೆ ಸೇರುತ್ತಾರೋ ನಾನರಿಯೆ. ಒಂದು ಸಂಜೆ ಕೆಳದವಡೆಯ ಹಲ್ಲುಸೆಟ್ಟು ಬಂದಿತ್ತು. ವಸ್ತು ಹಿಂದಿರುಗಿಸುವ ಮುನ್ನ ಅದರ ಗುರುತನ್ನು ವಾರಸುದಾರರು ಸ್ವತಃ ಬಾಯಿಬಿಟ್ಟು ಹೇಳಬೇಕೆಂಬುದು ನಿಯಮ. ಬಂದ ಹಿರಿಯರು ಹೇಳಿದ್ದರಲ್ಲಿ ಒಂದಕ್ಷರವೂ ಸ್ಪಷ್ಟವಾಗಲಿಲ್ಲ. ಕೊನೆಗೆ ಬೇಸತ್ತು ಬಾಯಿ ತೆರೆದು ಖಾಲಿ ಜಾಗವನ್ನೇ ತೋರಿಸಿದರು. “ಗುರುತು ತಾಳೆಯಾಗಿದೆ” ಎಂದು ಬರೆದು ಕೊಟ್ಟೆ. ಸಂಘದಲ್ಲಿ ಅಷ್ಟು ಖಚಿತವಾದ ದಾಖಲೆಯನ್ನು ನಾನು ಎಂದೂ ಪಡೆದಿರಲಿಲ್ಲ.

ಡಿಸೆಂಬರ್ ಬಂತೆಂದರೆ ಶಾಲಾ ಪ್ರವಾಸಗಳ ಸುಗ್ಗಿ. ಕೆಂಪು ಟೋಪಿಯ ಎರಡು ಶಾಲೆಗಳು ಒಂದೇ ದಿನ ಬಂದದ್ದು ಯಾರ ತಪ್ಪೂ ಅಲ್ಲ. ಹೊರಡುವಾಗ ಎರಡೂ ಕಡೆಯ ಮೇಷ್ಟ್ರುಗಳು ಬಸ್ಸಿನ ಬಾಗಿಲಲ್ಲಿ ನಿಂತು ಟೋಪಿಗಳನ್ನು ಎಣಿಸಿದರು. ಎರಡೂ ಬಸ್ಸಿನಲ್ಲಿ ಲೆಕ್ಕ ಸರಿಯಾಗಿತ್ತು. ಬಸ್ಸುಗಳು ಗೇಟಿನ ಬಳಿಗೆ ಬಂದ ಮೇಲೆ, ಒಂದರಲ್ಲಿ ಹಾಜರಿ ಕೂಗುವಾಗ ಒಬ್ಬ ಗೈರಾಗಿ, ಅವನ ಬದಲಿಗೆ ಯಾರಿಗೂ ಪರಿಚಯವಿಲ್ಲದ ಹುಡುಗನೊಬ್ಬ ಕಿಟಕಿ ಪಕ್ಕ ನೆಮ್ಮದಿಯಾಗಿ ಕಡಲೆಮಿಠಾಯಿ ತಿನ್ನುತ್ತಿರುವುದು ಬೆಳಕಿಗೆ ಬಂತು. ಇಬ್ಬರನ್ನೂ ನಮ್ಮ ಕೌಂಟರಿಗೆ ಕರೆತಂದರು. ವಿಚಾರಣೆಯಲ್ಲಿ ಮಿಠಾಯಿಯವನು, “ಆ ಬಸ್ಸಲ್ಲಿ ಟಿವಿ ಇತ್ತು ಸಾರ್” ಎಂದ. ಇನ್ನೊಬ್ಬ, “ಈ ಬಸ್ಸಲ್ಲಿ ನಮ್ಮ ಹೆಡ್‌ಮೇಷ್ಟ್ರು ಇರ್ಲಿಲ್ಲ ಸಾರ್” ಎಂದ. ಎರಡೂ ಕಾರಣಗಳು ನನಗೆ ಸಮರ್ಪಕವಾಗಿ ಕಂಡವು. ಆದರೆ ಪಾರ್ಕಿನಲ್ಲಿ ಸಿಕ್ಕಿದ್ದನ್ನು ಯಾವ ದಾಖಲೆಯೂ ಇಲ್ಲದೆ ಹೊರಗೆ ಬಿಡುವಂತಿಲ್ಲವೆಂದು ಮೇಲ್ವಿಚಾರಕರು ಪಟ್ಟು ಹಿಡಿದದ್ದರಿಂದ, ಬೇರೆ ನಮೂನೆ ಇಲ್ಲದ ಕಾರಣ, ಕಳೆದ ವಸ್ತುಗಳ ರಿಜಿಸ್ಟರನ್ನೇ ಮೇಷ್ಟ್ರ ಮುಂದೆ ತಳ್ಳಿದೆ. ಅವರು ದಿನಾಂಕ, ಸಮಯ, ಸಿಕ್ಕಿದ ಸ್ಥಳ ಎಲ್ಲವನ್ನೂ ದುಂಡಗಿನ ಅಕ್ಷರಗಳಲ್ಲಿ ತುಂಬುತ್ತ ಬಂದು, “ಹಿಂದಕ್ಕೆ ಪಡೆಯುವಾಗ ವಸ್ತುವಿನ ಸ್ಥಿತಿ” ಎಂಬ ಕಡೆಯ ಕಲಮಿನ ಬಳಿ ಪೆನ್ನು ನಿಲ್ಲಿಸಿ, ಹುಡುಗನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, “ಒದ್ದೆಯಾಗಿದೆ” ಎಂದು ಬರೆದು ಸಹಿ ಹಾಕಿದರು.