ಆ 6 ಯಾವ 6?

ಆಪರೇಟಿಂಗ್ ಸಿಸ್ಟಂನ ನೆಟ್‌ವರ್ಕ್ ಕೋಡ್‌ನಲ್ಲಿ ಬರೀ ಅಂಕಿಗಳನ್ನು ತೆಗೆದು, ಅವು ಏನು ಅಂತ ಹೇಳುವ ಹೆಸರು ಹಾಕಿದ ಪ್ಯಾಚ್ (ಕೋಡ್ ತಿದ್ದುಪಡಿ) ಕಳಿಸಿ ನೋಡಿ. "ನಡೀತಾ ಇದೆಯಲ್ಲ, ಸುಮ್ನೆ ಯಾಕೆ ಮುಟ್ಟೋದು?" ಅನ್ನುವವರು ಇದ್ದೇ ಇರುತ್ತಾರೆ. ಈ ಮಾತು ನನಗೆ ನಿಜಕ್ಕೂ ಬೇಜಾರು ತರುತ್ತದೆ.

ಒಂದು ಡ್ರೈವರ್‌ನ ತೊಂದರೆ ಹುಡುಕುತ್ತಾ ನಾನು ಎರಡು ದಿನ ಕೂತಿದ್ದೆ. ಪಿಂಗ್ ಹೋಗುತ್ತಿತ್ತು, ಲಾಗಿನ್ ಆಗುತ್ತಿತ್ತು. ದೊಡ್ಡ ಫೈಲ್ ಕಳಿಸಿದರೆ ಮಾತ್ರ ಅರ್ಧಕ್ಕೇ ನಿಲ್ಲುತ್ತಿತ್ತು, ಅದೂ ವಿಲ್ಯಾನ್ (ಒಂದೇ ನೆಟ್‌ವರ್ಕನ್ನು ಬೇರೆ ಬೇರೆ ಭಾಗ ಮಾಡುವ ವ್ಯವಸ್ಥೆ) ಹಾಕಿದಾಗ ಮಾತ್ರ. ಕೊನೆಗೆ ಸಿಕ್ಕಿದ್ದು ಒಂದೇ ಸಾಲು: ಫ್ರೇಮ್ (ನೆಟ್‌ವರ್ಕ್‌ನಲ್ಲಿ ಹೋಗುವ ಡೇಟಾದ ಒಂದು ಕಂತೆ) 1514 ಬೈಟ್‌ಗಿಂತ ದೊಡ್ಡದಿದ್ದರೆ ಬಿಸಾಕು. 1500 ಬೈಟ್ ಡೇಟಾ, 14 ಬೈಟ್ ಈಥರ್ನೆಟ್ ಹೆಡರ್, ಅಲ್ಲಿಗೆ ಲೆಕ್ಕ ಸರಿ. ಆದರೆ ವಿಲ್ಯಾನ್ ಟ್ಯಾಗ್‌ಗೆ ಇನ್ನೂ 4 ಬೈಟ್ ಬೇಕು. 1518 ಆದ ಫ್ರೇಮ್ ಸದ್ದಿಲ್ಲದೆ ಕಸಕ್ಕೆ ಹೋಗುತ್ತಿತ್ತು. ಡೇಟಾ ಉದ್ದ, ಹೆಡರ್ ಉದ್ದ ಅಂತ ಎರಡು ಹೆಸರು ಕೂಡಿಸಿ ಬರೆದಿದ್ದರೆ ಟ್ಯಾಗ್ ಬಿಟ್ಟುಹೋಗಿದ್ದು ಓದುವಾಗಲೇ ಕಣ್ಣಿಗೆ ಬೀಳುತ್ತಿತ್ತು. 1514 ನೋಡಿದರೆ ಏನು ಗೊತ್ತಾಗುತ್ತದೆ?

ಹಾಗಂತ ಎಡಿಟರ್‌ನಲ್ಲಿ ಹುಡುಕಿ ಒಂದೇ ಸಲಕ್ಕೆ ಬದಲಾಯಿಸುವ ಕೆಲಸ ಇದಲ್ಲ. 6 ಅನ್ನೇ ತಗೊಳ್ಳಿ. ನೆಟ್‌ವರ್ಕ್ ಕಾರ್ಡ್‌ನ ಗುರುತಾದ ಮ್ಯಾಕ್ ವಿಳಾಸದ ಉದ್ದ 6 ಬೈಟ್. ಐಪಿ ಹೆಡರ್‌ನಲ್ಲಿ ಟಿಸಿಪಿ ಅನ್ನುವ ಪ್ರೋಟೊಕಾಲ್‌ನ ನಂಬರೂ 6. ಐಪಿವಿ6 ಪ್ಯಾಕೆಟ್‌ನ ವರ್ಷನ್ ನಂಬರೂ 6. ತಪ್ಪು ಹೆಸರು ಕೊಟ್ಟರೂ ಕಂಪೈಲ್ ಆಗುತ್ತದೆ, ಟೆಸ್ಟ್ ಕೂಡ ಪಾಸ್ ಆಗುತ್ತದೆ. ದಾರಿ ತಪ್ಪುವುದು ಮುಂದೆ ಓದುವವರು. ಅಲ್ಲಿ ಬರೀ 6 ಇದ್ದಿದ್ದರೆ ಅವರು ಅನುಮಾನವಾದರೂ ಪಡುತ್ತಿದ್ದರು! ಅದಕ್ಕೇ ಒಂದೊಂದು ಸಾಲನ್ನೂ ಓದಿ, ಅರ್ಥ ಮಾಡಿಕೊಂಡು ಬದಲಿಸಬೇಕು. ಕಂಪೈಲ್ ಆಗಿ ಬಂದ ಹಳೇ, ಹೊಸ ಆಬ್ಜೆಕ್ಟ್ ಫೈಲ್‌ಗಳನ್ನು ಹೋಲಿಸಿದರೆ ಕೋಡ್ ಕೆಟ್ಟಿಲ್ಲ ಅಂತ ಗೊತ್ತಾಗುತ್ತದೆ. ಹೆಸರು ಸರಿಯೋ ಅಲ್ಲವೋ ಅನ್ನುವುದನ್ನು ಮನುಷ್ಯರೇ ನೋಡಬೇಕು.

ಹೆಸರು ಬೇಕು ಅನ್ನೋಕೆ ಇನ್ನೊಂದು ಕಾರಣವೂ ಇದೆ. ಐಪಿವಿ6 ಅಡ್ರೆಸ್ ಫ್ಯಾಮಿಲಿಯ (ಯಾವ ಬಗೆಯ ವಿಳಾಸ ಅಂತ ಸಿಸ್ಟಂಗೆ ಹೇಳುವ ಗುರುತು) ನಂಬರ್ ಲಿನಕ್ಸ್‌ನಲ್ಲಿ 10, ಫ್ರೀಬಿಎಸ್‌ಡಿಯಲ್ಲಿ 28, ಮ್ಯಾಕ್‌ಒಎಸ್‌ನಲ್ಲಿ 30. 10 ಅಂತ ಕೈಯಾರೆ ಬರೆದವರ ಕೋಡ್ ಲಿನಕ್ಸ್ ದಾಟುವುದೇ ಇಲ್ಲ.

ಕೆಲವಕ್ಕೆ ಹೆಸರು ಕೊಟ್ಟರೂ ಸಾಲದು. ಎಂಟಿಯು (ಒಂದು ಫ್ರೇಮ್‌ನಲ್ಲಿ ಕಳಿಸಬಹುದಾದ ಗರಿಷ್ಠ ಡೇಟಾ) ಯಾವಾಗಲೂ 1500 ಅಂತ ನಂಬಿ ಬರೆದ ಕೋಡ್ ಎಷ್ಟಿಲ್ಲ? ದೊಡ್ಡ ಗಾತ್ರದ ಜಂಬೋ ಫ್ರೇಮ್ ಇರುವ ಕಡೆ ಅದು 9000 ಇರಬಹುದು, ಒಂದು ಪ್ಯಾಕೆಟನ್ನು ಇನ್ನೊಂದರೊಳಗೆ ಇಟ್ಟು ಕಳಿಸುವ ಟನಲ್ ಒಳಗೆ ಸಾಮಾನ್ಯವಾಗಿ 1500ಕ್ಕಿಂತ ಕಡಿಮೆ. ಅದಕ್ಕೆ ಚೆಂದದ ಹೆಸರಿಟ್ಟು ಏನು ಪ್ರಯೋಜನ? ಎಷ್ಟು ಅಂತ ಆ ನೆಟ್‌ವರ್ಕ್ ಇಂಟರ್‌ಫೇಸನ್ನೇ ಕೇಳಬೇಕು, ಅಲ್ವಾ?

ಇಂಥ ಪ್ಯಾಚ್ ನಿಮ್ಮ ಮುಂದೆ ಬಂದರೆ ದಯವಿಟ್ಟು ಬರೀ ಕ್ಲೀನಪ್ ಅಂತ ಕಣ್ಣಾಡಿಸಿ ಓಕೆ ಮಾಡಬೇಡಿ. ಪ್ರತಿ 6ರ ಹತ್ತಿರವೂ ಒಂದು ಕ್ಷಣ ನಿಲ್ಲಿ.