"ಹೋಗಿ ಆ ಕಡೆಯವರಿಗೆ ಹೇಳು" ಎನ್ನುವವರಿಗೆ

ಗಡಿಯಲ್ಲಿ ಗಲಾಟೆ ಶುರುವಾದಾಗಲೆಲ್ಲ ನಮ್ಮ ಟೈಮ್‌ಲೈನ್‌ನಲ್ಲಿ "ಒಂದು ಅಣುಬಾಂಬ್ ಹಾಕಿ ಮುಗಿಸಿಬಿಡಿ" ಅನ್ನುವ ಮಾತು ತಪ್ಪದೆ ಬರುತ್ತದೆ. ಬೇಡಪ್ಪಾ ಅಂದವರಿಗೆ ಸಿಗುವ ಉತ್ತರವೂ ಗೊತ್ತಿರುವಂಥದ್ದೇ: "ನಮಗ್ಯಾಕೆ ಹೇಳ್ತೀಯಾ, ಹೋಗಿ ಆ ಕಡೆಯವರಿಗೆ ಹೇಳು."

ಹಾಗೆ ಹೋಗಿ ಹೇಳಿದವರು ಇದ್ದಾರೆ. ಗಡಿ ದಾಟಿ, ನಡೆದುಕೊಂಡೇ ಹೋಗಿ ಹೇಳಿದ್ದಾರೆ. ಅವರಲ್ಲಿ ಇಬ್ಬರಿಗೆ ಆ ಯೋಚನೆ ಹೊಳೆದದ್ದು ನಮ್ಮ ಬೆಂಗಳೂರಿನಲ್ಲಿ.

1961ರ ಮಾತು. ಸತೀಶ್ ಕುಮಾರ್ ರಾಜಸ್ಥಾನದವರು, ಇ.ಪಿ. ಮೆನನ್ ಕೇರಳದವರು. ಇಬ್ಬರೂ ಬೆಂಗಳೂರಿನ ಒಂದು ಹೋಟೆಲ್‌ನಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದಾಗ ಪೇಪರ್‌ನಲ್ಲಿ ಒಂದು ಸುದ್ದಿ ಕಂಡಿತು. ಅಣ್ವಸ್ತ್ರ ಬೇಡ ಎಂದು ಲಂಡನ್ನಿನಲ್ಲಿ ಪ್ರತಿಭಟಿಸಿದ್ದಕ್ಕೆ ಬ್ರಿಟನ್ನಿನ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ಅವರನ್ನು ಜೈಲಿಗೆ ಹಾಕಿದ್ದರು. ರಸೆಲ್‌ಗೆ ಆಗ 89 ವರ್ಷ. ಆ ವಯಸ್ಸಿನಲ್ಲಿ ಅವರು ಜೈಲಿಗೆ ಹೋಗುವಾಗ ನಾವಿಲ್ಲಿ ಸುಮ್ನೆ ಕೂತು ಕಾಫಿ ಕುಡಿಯುವುದಾ ಅನ್ನಿಸಿತು ಇವರಿಗೆ. ಅಣ್ವಸ್ತ್ರ ಇದ್ದ ನಾಲ್ಕು ದೇಶಗಳ ರಾಜಧಾನಿಗೂ ನಡೆದೇ ಹೋಗೋಣ ಎಂದು ತೀರ್ಮಾನಿಸಿದರು. ಮಾಸ್ಕೋ, ಪ್ಯಾರಿಸ್, ಲಂಡನ್, ವಾಷಿಂಗ್ಟನ್.

ಆಶೀರ್ವಾದ ಕೇಳಲು ಭೂದಾನ ಚಳವಳಿಯ ವಿನೋಬಾ ಭಾವೆ ಹತ್ತಿರ ಹೋದರೆ ಅವರು ಹೇಳಿದ್ದು, ಕೈಯಲ್ಲಿ ಒಂದು ಕಾಸೂ ಇಟ್ಟುಕೊಳ್ಳಬೇಡಿ ಅಂತ. ಕೇಳಿದರೆ ಗಾಬರಿಯಾಗುತ್ತದೆ. ಆದರೆ ಲೆಕ್ಕ ಸರಿಯಾಗಿಯೇ ಇದೆ. ದುಡ್ಡಿದ್ದರೆ ಸಂಜೆ ಸುಸ್ತಾಗಿ ಬಂದವನು ಲಾಡ್ಜ್ ಹಿಡಿದು ಮಲಗುತ್ತಾನೆ. ದುಡ್ಡಿಲ್ಲದವನು ಯಾರದಾದರೂ ಮನೆ ಬಾಗಿಲು ತಟ್ಟಲೇಬೇಕು. ಬಾಗಿಲು ತೆರೆದವರು ಯಾರು, ಎಲ್ಲಿಂದ ಬಂದಿರಿ, ಯಾಕೆ ನಡೀತಿದ್ದೀರಿ ಎಂದು ಕೇಳುತ್ತಾರೆ. ಅಲ್ಲಿಂದ ಮಾತು ಶುರು.

1962ರ ಜೂನ್ 1ರಂದು ದೆಹಲಿಯ ರಾಜಘಾಟ್‌ನಿಂದ ಹೊರಟರು. ದೇಶ ಒಡೆದು 15 ವರ್ಷ ಆಗಿತ್ತಷ್ಟೆ. ಪಾಕಿಸ್ತಾನದ ಗಡಿಯವರೆಗೆ ಬೀಳ್ಕೊಡಲು ಬಂದಿದ್ದ ಗೆಳತಿಯೊಬ್ಬರು, ಆ ಕಡೆ ಯಾರು ಊಟ ಹಾಕುತ್ತಾರೋ ಏನೋ ಎಂದು ಊಟದ ಪೊಟ್ಟಣ ಕೊಡಲು ಬಂದರು. ಸತೀಶ್ ಕುಮಾರ್ ತೆಗೆದುಕೊಳ್ಳಲಿಲ್ಲ. ಇದು ಊಟದ ಪೊಟ್ಟಣ ಅಲ್ಲ, ಅಪನಂಬಿಕೆಯ ಪೊಟ್ಟಣ ಎಂದರು. ಗಡಿ ದಾಟಿದರೆ ಅಪರಿಚಿತನೊಬ್ಬ ಇವರನ್ನೇ ಹುಡುಕಿಕೊಂಡು ಬಂದಿದ್ದ. ಶಾಂತಿಗಾಗಿ ನಡೆದು ಬರುವ ಇಬ್ಬರು ಭಾರತೀಯರ ವಿಷಯ ಅವನಿಗೆ ಗೊತ್ತಿತ್ತು. ಮನೆಗೆ ಬನ್ನಿ ಎಂದು ಕರೆದ.

ಆಮೇಲೆ ಅಫ್ಘಾನಿಸ್ತಾನ, ಇರಾನ್, ಅರ್ಮೇನಿಯಾ, ಜಾರ್ಜಿಯಾ. ಕ್ಯೂಬಾದ ಕ್ಷಿಪಣಿಗಳಿಗಾಗಿ ಅಮೆರಿಕ ಮತ್ತು ರಷ್ಯಾ ಜಗತ್ತನ್ನು ಬೂದಿ ಮಾಡುವ ಅಂಚಿಗೆ ಬಂದದ್ದು ಇವರು ದಾರಿಯಲ್ಲಿದ್ದಾಗಲೇ. ನಮ್ಮ ಮೇಲೆ ಚೀನಾ ಯುದ್ಧಕ್ಕೆ ಬಂದದ್ದೂ ಅದೇ ಹೊತ್ತಿನಲ್ಲಿ.

ಮಾಸ್ಕೋಗೆ ಹೋಗುವ ದಾರಿಯಲ್ಲಿ ಒಂದು ಟೀ ಫ್ಯಾಕ್ಟರಿ ಎದುರು ಇಬ್ಬರು ಹೆಂಗಸರು ಸಿಕ್ಕರು. ಇವರ ಕಥೆ ಕೇಳಿ ಒಬ್ಬಾಕೆ ನಾಲ್ಕು ಟೀ ಪೊಟ್ಟಣ ತಂದುಕೊಟ್ಟಳು. ನಾಲ್ಕು ದೇಶಗಳ ನಾಯಕರಿಗೆ ಒಂದೊಂದು. ಬಾಂಬಿನ ಗುಂಡಿ ಒತ್ತಬೇಕು ಅನ್ನಿಸಿದಾಗ ಒಂದು ನಿಮಿಷ ತಡೆದು ಈ ಟೀ ಕುಡಿಯಿರಿ ಎಂದು ಅವರಿಗೆ ಹೇಳಿ ಅಂದಳಂತೆ. ಇವರು ಆ ಪೊಟ್ಟಣಗಳನ್ನು ಹೊತ್ತುಕೊಂಡೇ ನಡೆದರು. ಪ್ಯಾರಿಸ್‌ನಲ್ಲಿ ಪೊಲೀಸರು ಹಿಡಿದು ಒಳಗೆ ಹಾಕಿದರು. ಬ್ರಿಟನ್ನಿನಲ್ಲಿ ರಸೆಲ್ ಅವರನ್ನು ಕಂಡರು. ಅಲ್ಲಿಂದ ಹಡಗಿನಲ್ಲಿ ನ್ಯೂಯಾರ್ಕ್, ಮತ್ತೆ ಕಾಲ್ನಡಿಗೆ. ವಾಷಿಂಗ್ಟನ್ ತಲುಪುವಷ್ಟರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯ ಕೊಲೆಯಾಗಿತ್ತು. ಒಟ್ಟು ಸುಮಾರು 13,000 ಕಿಲೋಮೀಟರ್ ದಾರಿ.

ಇವರಿಗಿಂತ ಮೊದಲೂ ಇಂಥವರು ಇದ್ದರು. ಆಲ್ಬರ್ಟ್ ಬಿಗೆಲೊ ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆಯಲ್ಲಿ ಅಧಿಕಾರಿಯಾಗಿದ್ದ ಮನುಷ್ಯ. 1958ರಲ್ಲಿ 'ಗೋಲ್ಡನ್ ರೂಲ್' ಎಂಬ ಪುಟ್ಟ ಹಾಯಿದೋಣಿಯಲ್ಲಿ, ತನ್ನದೇ ಸರ್ಕಾರ ಬಾಂಬ್ ಪರೀಕ್ಷೆ ಮಾಡುತ್ತಿದ್ದ ಮಾರ್ಷಲ್ ದ್ವೀಪಗಳ ಕಡೆ ಹೊರಟ. ದಾರಿಯಲ್ಲಿ, ಹವಾಯಿಯ ಹೊನೊಲುಲುವಿನಲ್ಲಿ ಹಿಡಿದು ಜೈಲಿಗೆ ಹಾಕಿದರು. ಆಗ ಅದೇ ಬಂದರಿನಲ್ಲಿ ಅರ್ಲ್ ರೆನಾಲ್ಡ್ಸ್ ಅನ್ನುವವರ ದೋಣಿ ನಿಂತಿತ್ತು. ಹಿರೋಷಿಮಾದ ಮಕ್ಕಳ ಮೇಲೆ ವಿಕಿರಣ ಏನು ಮಾಡಿದೆ ಎಂದು ಅಲ್ಲೇ ಇದ್ದು ಅಧ್ಯಯನ ಮಾಡಿದ್ದ ವಿಜ್ಞಾನಿ ಅವರು. ಕೋರ್ಟಿಗೆ ಹೋಗಿ ಬಿಗೆಲೊ ತಂಡದ ವಿಚಾರಣೆ ನೋಡಿದರು. ಆಮೇಲೆ ಹೆಂಡತಿ, ಇಬ್ಬರು ಮಕ್ಕಳು ಮತ್ತು ಒಬ್ಬ ಜಪಾನಿ ಗೆಳೆಯನ ಜೊತೆ ತಮ್ಮ ದೋಣಿಯನ್ನು ನೇರ ಆ ನಿಷೇಧಿತ ಸಮುದ್ರಕ್ಕೆ ನುಗ್ಗಿಸಿದರು. ಮಕ್ಕಳನ್ನೂ ಕರೆದುಕೊಂಡು! ನನಗೆ ಅಷ್ಟು ಧೈರ್ಯ ಬರುತ್ತಿತ್ತಾ ಎಂದು ಇದನ್ನು ಓದಿದಾಗಿನಿಂದ ಕೇಳಿಕೊಳ್ಳುತ್ತಿದ್ದೇನೆ.

ಇನ್ನೊಂದು ತಂಡ 1960ರ ಡಿಸೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಮಾಸ್ಕೋಗೆ ಕಾಲ್ನಡಿಗೆಯಲ್ಲಿ ಹೊರಟಿತು. ಫ್ರಾನ್ಸ್ ಒಳಗೆ ಬಿಡದಿದ್ದಾಗ ಕೆಲವರು ಹಡಗಿನಿಂದ ಬಂದರಿನ ನೀರಿಗೇ ಹಾರಿದರು. 1961ರ ಅಕ್ಟೋಬರ್ 3ರಂದು ಮಾಸ್ಕೋದ ಕೆಂಪು ಚೌಕದಲ್ಲಿ ನಿಂತರು. ಅಮೆರಿಕದಲ್ಲಿ ನಿಮ್ಮ ಬಾಂಬ್‌ಗಳನ್ನು ತ್ಯಜಿಸಿ ಎಂದು ಹೇಳಿ ಬಂದಿದ್ದವರು ರಷ್ಯದವರಿಗೂ ಅದನ್ನೇ ಹೇಳಿದರು. ಅದೇ ತಿಂಗಳ 30ಕ್ಕೆ ಸೋವಿಯತ್ ಸರ್ಕಾರ ಜಗತ್ತಿನ ಅತಿ ದೊಡ್ಡ ಬಾಂಬ್ ಸಿಡಿಸಿತು. ಸುಮಾರು 50 ಮೆಗಾಟನ್.

ಹಾಗಾದರೆ ನಡೆದು ಏನು ಬಂತು ಅಂತ ನೀವು ಕೇಳಬಹುದು. ಬಾಂಬ್ ಹೋಗಲಿಲ್ಲ, ನಿಜ. ಆದರೆ 1963ರ ಆಗಸ್ಟ್‌ನಲ್ಲಿ ಅಮೆರಿಕ, ಸೋವಿಯತ್, ಬ್ರಿಟನ್ ಮೂರೂ ಗಾಳಿಯಲ್ಲಿ, ನೀರೊಳಗೆ, ಬಾಹ್ಯಾಕಾಶದಲ್ಲಿ ಪರೀಕ್ಷೆ ನಿಲ್ಲಿಸುವ ಒಪ್ಪಂದಕ್ಕೆ ಸಹಿ ಹಾಕಿದವು. ಕ್ಯೂಬಾದಲ್ಲಿ ಹುಟ್ಟಿದ ಹೆದರಿಕೆ ಅದಕ್ಕೊಂದು ಕಾರಣ. ಬಾಂಬ್ ಪರೀಕ್ಷೆಯಿಂದ ಹರಡುವ ವಿಕಿರಣ ವಸ್ತು ಸ್ಟ್ರಾನ್ಷಿಯಂ-90 ಮಕ್ಕಳ ಹಾಲುಹಲ್ಲಿನಲ್ಲಿ ಸಿಕ್ಕಿದೆ ಎಂದು ಗೊತ್ತಾಗಿ ಬೀದಿಗಿಳಿದ ಅಮೆರಿಕದ ತಾಯಂದಿರೂ ಕಾರಣ. ಪರೀಕ್ಷೆ ನಿಲ್ಲಿಸಿ ಎಂದು ವಿಜ್ಞಾನಿಗಳ ಸಹಿ ಸಂಗ್ರಹಿಸಿದ ಅಮೆರಿಕದ ವಿಜ್ಞಾನಿ ಲೈನಸ್ ಪಾಲಿಂಗ್, ದೋಣಿ ಹತ್ತಿದವರು, ನಡೆದವರು, ಇವರೆಲ್ಲರ ಒತ್ತಡವೂ ಸೇರಿತ್ತು. ಇಂದು ನಾವು ಉಸಿರಾಡುವ ಗಾಳಿಯಲ್ಲಿ ಅವರ ಪಾಲಿದೆ.

ಇವರ ಮಾತಿಗೆ ಬೆಲೆ ಬಂದದ್ದು ಅದನ್ನು ಎರಡೂ ಕಡೆ ಹೇಳಿದ್ದರಿಂದ ಎಂದು ನಾನು ನಂಬಿದ್ದೇನೆ. ಬರೀ ಆ ಕಡೆಯವರ ಬಾಂಬ್ ಕೆಟ್ಟದ್ದು ಎನ್ನಲು ಯಾವ ಧೈರ್ಯವೂ ಬೇಕಿಲ್ಲ, ಅಲ್ವಾ? 1998ರಲ್ಲಿ ನಾವೂ ಪೋಖ್ರಾನ್‌ನಲ್ಲಿ ಪರೀಕ್ಷೆ ಮಾಡಿ ಸಿಹಿ ಹಂಚಿದೆವು. ಮರುವರ್ಷ ಮೇ 11ಕ್ಕೆ, ಅದೇ ದಿನ, ಒಂದಷ್ಟು ಜನ ಪೋಖ್ರಾನ್‌ನಿಂದ, ಬುದ್ಧ ಮೊದಲು ಬೋಧಿಸಿದ ಸಾರನಾಥಕ್ಕೆ ನಡೆಯಲು ಹೊರಟರು. ಹಿರೋಷಿಮಾ ದಿನ, ಆಗಸ್ಟ್ 6ಕ್ಕೆ ಮುಟ್ಟಿದರು. ಸಿಹಿ ಹಂಚಿದ ಚಿತ್ರಗಳು ಎಲ್ಲರಿಗೂ ನೆನಪಿವೆ. ಈ ನಡಿಗೆ ಎಷ್ಟು ಜನಕ್ಕೆ ಗೊತ್ತು?

ಸತೀಶ್ ಕುಮಾರ್, ಮೆನನ್ ಅವರ ನೆನಪಿಗೆ ಬೆಂಗಳೂರಿನಲ್ಲಿ ಒಂದು ಫಲಕವನ್ನೂ ನಾನು ಕಂಡಿಲ್ಲ. ಶಾಲೆಯಲ್ಲೂ ಇವರ ಪಾಠ ಓದಿದ ನೆನಪಿಲ್ಲ. ಮೇಷ್ಟ್ರುಗಳು, ಮೇಡಂಗಳು ನನ್ನ ಫ್ರೆಂಡ್ಸ್ ಪಟ್ಟಿಯಲ್ಲಿ ತುಂಬಾ ಜನ ಇದ್ದೀರಿ. ಈ ಆಗಸ್ಟ್ 6ಕ್ಕೆ ನಿಮ್ಮ ತರಗತಿಯಲ್ಲಿ ಆ ನಾಲ್ಕು ಟೀ ಪೊಟ್ಟಣದ ಕಥೆ ಹೇಳಿ. ಮಕ್ಕಳು ಏನು ಕೇಳಿದರು ಎಂದು ನನಗೂ ಬರೆಯಿರಿ.